ತೊಳೆಯದೆ ಒಯ್ದ ಗಾಡಿ

1997ರಲ್ಲಿ, ಎಂಟನೇ ಇಯತ್ತೆಯ ಅರ್ಧ ವರ್ಷಕ್ಕೆ, ನಾನು ಶಾಲೆ ಬಿಟ್ಟೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಶಾಲೆ ಬಿಟ್ಟ ಮೇಲೆ ನಾನಾಗಿಯೇ ಕಲಿತ ಪಾಠ ಒಂದೇ: ಮಂದಿಯ ಮುಂದೆ ಹೋಗುವಾಗ ಮೈ, ಅರಿವೆ, ಗಾಡಿ ಮೂರೂ ಸ್ವಚ್ಛ ಇರಬೇಕು. ಓದದವನನ್ನು ಮಂದಿ ಅಳೆಯುವುದು ಅದರಿಂದಲೇ. ಇಷ್ಟು ವರ್ಷ ಆ ಪಾಠ ನನ್ನನ್ನು ಕಾಪಾಡಿದೆ. ಒಂದು ಸಲ ಮಾತ್ರ ಅದೇ ನನಗೆ ಅಡ್ಡ ನಿಂತಿತು.

ನಾನು ಸಂಶಿಯವನು. ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಂಡು ನಮ್ಮ ಕಡೆಯ ಶಾಲೆಗಳಲ್ಲಿ ಕಲಿಸುವ ಆರು ಮಂದಿ ಅಕ್ಕೋರನ್ನು ಮುಂಜಾನೆ ಕರೆತಂದು ಸಂಜೆ ವಾಪಸ್ ಮುಟ್ಟಿಸುವುದು ನನ್ನ ಕಾಯಂ ಕೆಲಸ. ಇಬ್ಬರು ಸಂಶಿಯಲ್ಲಿ ಇಳಿಯುತ್ತಾರೆ, ನಾಲ್ವರು ಗುಡಗೇರಿ ಕಡೆ. ನಡುವಿನ ಹೊತ್ತಿನಲ್ಲಿ ದವಾಖಾನೆ, ಮದುವೆ, ಸಿಕ್ಕ ಬಾಡಿಗೆ. ಆದರೆ ಮನೆ ನಡೆಯುವುದು ಅಕ್ಕೋರ ಬಾಡಿಗೆಯ ಮೇಲೆ. ಕಳೆದ ವರ್ಷ ಬೇಸಿಗೆ ಸೂಟಿಯಲ್ಲಿ ಹಳೆಯ ಗಾಡಿ ಕೊಟ್ಟು, ಹುಬ್ಬಳ್ಳಿಯಲ್ಲಿ ಹಳೆ ಕಾರುಗಳನ್ನು ಮಾರುವ ಒಂದು ಅಂಗಡಿಯಿಂದ ಏಳು ಸೀಟಿನ, ಹಳದಿ ಬೋರ್ಡಿನ ಡೀಸೆಲ್ ಗಾಡಿ ತಂದೆ. ಅವರದೇ ವರ್ಕ್‌ಶಾಪ್ ಹಿಂದೆಯೇ ಇತ್ತು. ಅಲ್ಲಿಗೇ ಹೋಗಲು ಅದೂ ಒಂದು ಕಾರಣ.

ನೋಡುವಾಗ ನಾನು ಅವಸರ ಮಾಡಲಿಲ್ಲ. ನಾಲ್ಕೂ ಟಾಯರ್ ಕೈಯಿಂದ ಸವರಿದೆ, ಒಂದೇ ಸಮ ಸವೆದಿದ್ದವು. ಎಣ್ಣೆಯ ಕಡ್ಡಿ ಎಳೆದು ನೋಡಿದೆ, ಎಣ್ಣೆ ಗೆರೆಗೆ ಸರಿಯಾಗಿತ್ತು. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು, ಹೊಗೆ ಇಲ್ಲ. ಅಂಗಡಿಯ ಮಾಲಕರನ್ನೇ ಬಾಜೂ ಕೂರಿಸಿಕೊಂಡು ಬೈಪಾಸ್ ಮೇಲೆ ಒಂದು ಸುತ್ತು ಹೊಡೆದೆ. ರಸ್ತೆ ಸಪಾಟು, ಗಾಡಿಯಲ್ಲಿ ಇಬ್ಬರೇ. ಸದ್ದಿಲ್ಲದೆ ಓಡಿತು.

ಕೀಲಿಕೈ ಕೊಡುವಾಗ ಮಾಲಕರು ಕರಾರು ಹೇಳಿದರು. "ಎಂಜಿನ್, ಗೇರ್‌ಬಾಕ್ಸ್ ಆರ ತಿಂಗಳ ನಮ್ಮ ಜವಾಬ್ದಾರಿ. ಏನರ ಆತಂದ್ರ ಸೀದಾ ಇಲ್ಲೇ ತರ್ರಿ. ಹೊರಗ ಯಾರ ಕಡೇನೂ ಬಿಚ್ಚಸಬ್ಯಾಡ್ರಿ, ಬಿಚ್ಚಿಸಿದ್ರಿ ಅಂದ್ರ ನಮ್ಮ ಮಾತು ಅಲ್ಲಿಗೇ ಮುಗೀತು. ಟಾಯರ್, ಬ್ರೇಕ್, ಕ್ಲಚ್ ಇವೆಲ್ಲಾ ಸವಿಯೂ ಸಾಮಾನ, ಅವು ನಿಮ್ಮವು."

"ಆತ್ರಿ" ಅಂದೆ. ಅದರಲ್ಲಿ ತಕರಾರು ತೆಗೆಯುವಂಥದ್ದು ಏನೂ ಕಾಣಲಿಲ್ಲ.

ಶಾಲೆ ಶುರುವಾಗಿ ಸ್ವಲ್ಪ ದಿನ ಎಲ್ಲ ಸರಿ ಇತ್ತು. ಮಳೆ ಹಿಡಿದುಕೊಂಡ ಮೇಲೆ ಒಂದು ಮುಂಜಾನೆ, ಆರೂ ಅಕ್ಕೋರು ಕೂತಿದ್ದಾಗ, ಹುಬ್ಬಳ್ಳಿ ದಾಟುವ ರೈಲ್ವೆ ಸೇತುವೆಯ ಏರಿನಲ್ಲಿ ಎಂಜಿನ್ ಒಮ್ಮೆಲೇ ಕೂಗಿತು. ಗಾಡಿ ಮಾತ್ರ ಮುಂದಕ್ಕೆ ಎಳೆಯಲಿಲ್ಲ. ಎಂಜಿನ್ನಿನ ಜೋರನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವುದು ಕ್ಲಚ್ ಪ್ಲೇಟು. ಅದು ಜಾರಿದರೆ ಹೀಗೆ ಆಗುತ್ತದೆ, ಕೂಗು ಹೆಚ್ಚು, ಓಟ ಕಡಿಮೆ. ಗೇರ್ ಇಳಿಸಿ, ಆಕ್ಸಿಲರೇಟರ್ ಸಡಿಲ ಬಿಟ್ಟು ಮೆಲ್ಲಗೆ ಹತ್ತಿಸಿದೆ. ಒಳಗೆ ಸುಟ್ಟ ವಾಸನೆ ತುಂಬಿತು.

ಮುಂದಿನ ಸೀಟಿನಲ್ಲಿ ಗುಡಗೇರಿ ಕಡೆಯ ಶಾಲೆಯ ಹೆಡ್‌ಮಿಸ್ ಕೂರುತ್ತಾರೆ. ನಾವು ದೊಡ್ಡ ಅಕ್ಕೋರು ಅನ್ನುತ್ತೇವೆ. ಅವರು ಮೂಗಿಗೆ ಸೆರಗು ಹಿಡಿದು, "ಏನೋ ಸುಟ್ಟ ನಾತಾ ಹೊಡ್ಯಾಕತ್ತೈತಲ್ರಿ ಅಣ್ಣಾರ" ಅಂದರು.

"ಮುಂದಿನ ಲಾರೀದ್ರಿ ಅಕ್ಕೋರ" ಅಂದೆ. ಮುಂದೆ ಲಾರಿ ಇತ್ತು, ಅದು ನಿಜ.

ಮರುದಿನವೂ ಅದೇ ಏರು, ಅದೇ ವಾಸನೆ. ದೊಡ್ಡ ಅಕ್ಕೋರು ಗಾಜಿನಾಚೆ ಎಡಕ್ಕೂ ಬಲಕ್ಕೂ ನೋಡಿ, "ಇವತ್ತ ಲಾರಿ ಎಲ್ಲೈತ್ರಿ?" ಅಂದರು. ಹಿಂದಿನ ಸೀಟಿನಲ್ಲಿ ನಕ್ಕರು. ನಾನು ನಗಲಿಲ್ಲ.

ಆ ದಿನವೇ ಅವರನ್ನು ಇಳಿಸಿದ ಮೇಲೆ ವರ್ಕ್‌ಶಾಪಿಗೆ ಹೊರಟೆ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಆ ಮಣ್ಣು ಗಾಲಿಗೆ, ಮಡ್‌ಗಾರ್ಡಿಗೆ, ಗಾಡಿಯ ಹೊಟ್ಟೆಗೆ ಹಿಟ್ಟು ಮೆತ್ತಿದ ಹಾಗೆ ಮೆತ್ತಿಕೊಳ್ಳುತ್ತದೆ. ಹಾಗೇ ಒಯ್ದರೆ ಅಂಗಡಿಯ ಬಿಳಿ ಫರಸಿ ನೆಲ ಏನಾದೀತು? ದಾರಿಯಲ್ಲಿ ಗಾಡಿ ತೊಳೆಯುವ ಚಾಚಾ ಇದ್ದಾನೆ. ನನ್ನ ಗಾಡಿಯನ್ನು ಮೊದಲಿನಿಂದ ಅವನೇ ತೊಳೆಯುವುದು. ಅಲ್ಲಿ ರ‍್ಯಾಂಪಿನ ಮೇಲೆ ಹತ್ತಿಸಿ, ಮೇಲೆ ಕೆಳಗೆ ಎಲ್ಲ ಪಂಪಿನ ನೀರು ಹೊಡೆಸಿ, ಒರೆಸಿಕೊಂಡು ಹೋದೆ.

ವರ್ಕ್‌ಶಾಪಿನ ಹೆಡ್ ಮೆಕ್ಯಾನಿಕ್ ಕೆಲಸ ಬಲ್ಲವನು. ನನ್ನ ಮಾತು ಪೂರ್ತಿ ಕೇಳಿದ. ಗಾಡಿ ಲಿಫ್ಟಿನ ಮೇಲೆ ಏರಿಸಿ, ಬ್ಯಾಟರಿ ದೀಪ ಹಿಡಿದು ಎಂಜಿನ್ನಿನ ಹೊಟ್ಟೆಯ ಕೆಳಗೆ ಸಾವಕಾಶ ನೋಡಿದ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ ಬಟ್ಟೆ ಒತ್ತಿ ನೋಡಿದ.

"ಎಣ್ಣಿ ಸೋರಿ ಕ್ಲಚ್ಚಿಗೆ ಬಡದಿದ್ರ ಇಲ್ಲಿ ಹಸಿ ಇರಬೇಕಿತ್ರಿ. ನೋಡ್ರಿ, ಕನ್ನಡಿ ಇದ್ದಂಗ ಐತಿ."

ಬಟ್ಟೆ ಒಣಗಿತ್ತು. ನಾನೂ ನೋಡಿದೆ.

ಅವನು ಒಬ್ಬನೇ ಗಾಡಿ ಓಡಿಸಿಕೊಂಡು ಹೋಗಿ ಬಂದ. ಖಾಲಿ ಗಾಡಿ ಜಾರಲಿಲ್ಲ. ಇಳಿದು ಬಂದು ಮೆಲ್ಲಗೆ ಕೇಳಿದ: "ತಪ್ಪ ತಿಳೀಬ್ಯಾಡ್ರಿ. ಕ್ಲಚ್ ಮ್ಯಾಲೆ ಕಾಲಿಟಗೊಂಡ ಓಡಸೂ ಚಟ ಐತೇನ್ರಿ?"

ಹಾಗೆ ಓಡಿಸಿದರೆ ಪ್ಲೇಟು ಬೇಗ ಸವೆಯುತ್ತದೆ. ಹೊಸದಾಗಿ ಕಲಿತವರನ್ನು ಕೇಳುವ ಮಾತು ಅದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಸ್ಟೇರಿಂಗ್ ಹಿಡಿದವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಗಾಡಿ ತೆಗೆದುಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಎಡಗಾಲನ್ನು ನಾನೇ ನೋಡಿಕೊಂಡೆ. ಅದು ಪೆಡಲ್ ಬಿಟ್ಟು ಕೆಳಗೇ ಇತ್ತು.

ಮುಂದಿನ ವಾರಗಳಲ್ಲಿ ಎಣ್ಣೆಯ ಕಡ್ಡಿ ದಿನಾ ನೋಡತೊಡಗಿದೆ. ಮಟ್ಟ ಇಳಿಯುತ್ತಿತ್ತು. ಹೊಗೆ ಇಲ್ಲ, ರೇಡಿಯೇಟರಿನ ನೀರಿನಲ್ಲಿ ಎಣ್ಣೆ ಬೆರೆತಿಲ್ಲ, ಅಂದ ಮೇಲೆ ಹೊರಗೆ ಹೋಗುತ್ತಿದೆ. ಗಾಡಿ ನಿಲ್ಲಿಸುವ ಜಾಗದಲ್ಲಿ, ಟಿವಿ ತಂದ ರಟ್ಟಿನ ಡಬ್ಬಿಯನ್ನು ಬಿಚ್ಚಿ ಹಾಸಿದೆ. ಮುಂಜಾನೆ ಅದರ ಮೇಲೆ ಕಪ್ಪು ಹನಿಗಳು, ಎಲ್ಲ ಒಂದೇ ಕಡೆ ಬಿದ್ದವು. ರಟ್ಟು ಮಡಚಿಟ್ಟುಕೊಂಡು ಮಾಲಕರಿಗೆ ಫೋನ್ ಹಚ್ಚಿದೆ.

"ಹಳೆ ಎಂಜಿನ್ ಸ್ವಲ್ಪ ಎಣ್ಣಿ ತಿಂತಾವ್ರಿ" ಅಂದರು ಅವರು.

"ತಿಂದ ಸುಮ್ಮ ಕುಂತಿದ್ರ ನಡೀತಿತ್ರಿ. ನೆಲದ ಮ್ಯಾಲೆ ಉಗುಳಾಕತ್ತೈತಿ."

ನಕ್ಕರು. "ಆತ, ತರ್ರಿ ನೋಡೂಣು."

ಎರಡನೇ ಸಲವೂ ಚಾಚಾನ ಕಡೆ ತೊಳೆಸಿಕೊಂಡೇ ಹೋದೆ. ಕರೆದಿದ್ದಾರೆ ಅಂದ ಮೇಲೆ ಹೊಲಸು ಗಾಡಿ ಒಯ್ಯುವುದು ಹೇಗೆ? ಮತ್ತೆ ಲಿಫ್ಟು, ಮತ್ತೆ ಬ್ಯಾಟರಿ, ಮತ್ತೆ ಒಣ ಬಟ್ಟೆ. ನಾನು ರಟ್ಟು ಬಿಚ್ಚಿ ತೋರಿಸಿದೆ. ಮಾಲಕರು ಅದನ್ನು ಆಚೆ ಈಚೆ ತಿರುಗಿಸಿ ನೋಡಿ ಅಂದರು: "ಇದರ ಮ್ಯಾಲೆ ಗಾಡಿ ನಂಬರ್ ಬರದಿಲ್ಲಲ್ರಿ. ಯಾರ ಗಾಡೀದಂತ ತಿಳೀಬೇಕು?"

ಹೆಡ್ ಮೆಕ್ಯಾನಿಕ್ ಅಷ್ಟು ಖಾರವಾಗಿ ಮಾತಾಡಲಿಲ್ಲ. "ಕಾಣದ ಇರೂದಕ್ಕ ಗೇರ್‌ಬಾಕ್ಸ್ ಇಳಸಾಕ ಬರಂಗಿಲ್ರಿ. ಇಳಿಸಿ ಏನೂ ಸಿಗಲಿಲ್ಲಂದ್ರ ಆ ಕೆಲಸ ಯಾರ ಹೆಸರಿಗೆ ಬರೀಲಿ?" ಅಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಮಾತಿನಲ್ಲಿಯೂ ತಪ್ಪಿರಲಿಲ್ಲ. ಗಾಡಿ ಮಾತ್ರ ಇಬ್ಬರ ನಡುವೆ ಕನ್ನಡಿಯಂತೆ ಹೊಳೆಯುತ್ತ ನೇತಾಡುತ್ತಿತ್ತು.

ಇಲ್ಲೇ ಕುಂದಗೋಳದಲ್ಲಿ ನನಗೆ ಗುರುತಿನ ಮೇಸ್ತ್ರಿ ಇದ್ದಾನೆ. ಗೇರ್‌ಬಾಕ್ಸ್ ಇಳಿಸಿ ಒಂದು ದಿನದಲ್ಲಿ ಸರಿಮಾಡಿ ಕೊಡುತ್ತಿದ್ದ. ಆದರೆ ಅವನು ಒಂದು ಬೋಲ್ಟ್ ಸಡಿಲಿಸಿದರೂ ಅಂಗಡಿಯವರ ಕರಾರು ಮುಗಿದ ಹಾಗೆ. ಬಿಚ್ಚಬೇಕಾದವರು ಬಿಚ್ಚುತ್ತಿಲ್ಲ, ಬಿಚ್ಚುವವನ ಹತ್ತಿರ ಬಿಚ್ಚಿಸುವಂತಿಲ್ಲ. ಅಷ್ಟರಲ್ಲಿ ಏರು ಹತ್ತುವುದು ದಿನೇ ದಿನೇ ಕಷ್ಟವಾಯಿತು. ಒಂದು ದಿನ ಸೇತುವೆಯ ನಡುವೆ ನಿಂತೇಬಿಟ್ಟಿತು. ಇಬ್ಬರು ಅಕ್ಕೋರು ಕೊಡೆ ಹಿಡಿದು ಇಳಿದು ನಡೆದು ಹತ್ತಿದರು. ಗಾಡಿ ಹಗುರಾದ ಮೇಲೆ ಏರಿತು. ಮೇಲೆ ನಿಂತು ಅವರನ್ನು ಹತ್ತಿಸಿಕೊಂಡೆ. ಅವರ ಸೀರೆಯ ಅಂಚು ತೊಯ್ದಿತ್ತು. ಅವರು ಬೈದಿದ್ದರೆ ಚಲೋ ಇತ್ತು.

ಆ ಸಂಜೆ ಎಲ್ಲರೂ ಇಳಿದ ಮೇಲೆ ದೊಡ್ಡ ಅಕ್ಕೋರು ಸೀಟಿನಲ್ಲೇ ಕೂತರು.

"ಗುಡಗೇರಿ ಟೆಂಪೋದಾಂವ ಬಂದಿದ್ದನ್ರಿ. ನಮ್ಮನ್ನ ತಾನು ಕರಕೊಂಡ ಹೋಗ್ತೀನಿ ಅಂತಾನ. ನಾನು ಹೂಂ ಅಂದಿಲ್ಲ. ಆದರ ತಡಾ ಆಗಿ ಹೋದ್ರ ಸಾಲ್ಯಾಗ ನಾವು ಉತ್ತರಾ ಕೊಡಬೇಕಾಕ್ಕೈತ್ರಿ ಅಣ್ಣಾರ. ಪಂಚಮಿ ಸೂಟಿ ಮಟಾ ನೋಡೂಣು."

"ಆತ್ರಿ ಅಕ್ಕೋರ."

"ಗ್ರಾಹಕರ ಕೋರ್ಟಿಗೆ ಅರ್ಜಿ ಹಾಕಾಕ ಬರ್ತೈತಿ. ಬೇಕಂದ್ರ ನಾವು ಬರದ ಕೊಡ್ತೇವಿ."

ಅವರು ಒಳ್ಳೆಯದಕ್ಕೇ ಅಂದದ್ದು. ಆದರೆ ಅರ್ಜಿ ನಡೆದು ಮುಗಿಯುವ ಹೊತ್ತಿಗೆ ಪಂಚಮಿ ಎಷ್ಟೋ ಬಂದು ಹೋಗಿರುತ್ತದೆ. ಅಲ್ಲಿಯೂ ಕೇಳುವುದು ಅದನ್ನೇ: ಎಣ್ಣೆ ಎಲ್ಲಿ ಸೋರುತ್ತದೆ, ತೋರಿಸು. "ಇನ್ನೊಂದ ಸಲ ಹೋಗಿ ಬರ್ತೀನ್ರಿ" ಅಂದೆ.

ಮೂರನೇ ಸಲ ಹೊರಟಾಗ ಮತ್ತೆ ಚಾಚಾನ ರ‍್ಯಾಂಪು. ಅವನು ಮುಂದಿನ ಗಾಲಿಗಳನ್ನು ತೊಳೆದು, ಗಾಡಿಯ ಕೆಳಗೆ ಬಗ್ಗಿದವನು ಒಳಗಿನಿಂದಲೇ ಒದರಿದ.

"ಲೇ ತಮ್ಮಾ, ಈ ಸಲ ಒಂದ ಬಾಟ್ಲಿ ಡೀಸೆಲ್ ನೀನ ತಂದ ಕೊಡು. ಪ್ರತಿ ಸಲಾ ನನ್ನದ ಖಾಲಿ ಆಗಾಕತ್ತೈತಿ."

"ಡೀಸೆಲ್ ಯಾಕ ಚಾಚಾ? ನೀರು ಹೊಡಿ."

"ನೀರಿಗೆ ಎರಿ ಮಣ್ಣ ಹೋಕ್ಕೈತೋ, ಇದು ಹೋಗೂದಿಲ್ಲ. ಇಲ್ಲಿ ನಡುವ ಮಣ್ಣ ಅಲ್ಲ, ಡಾಂಬರ್ ಆಗೈತಿ. ಡೀಸೆಲ್ ಹೊಡದ, ಬ್ರಶ್ ಹಾಕಿ ತಿಕ್ಕಿ ತೆಗೀಬೇಕ. ಎರಡ ಸಲಾ ತಿಕ್ಕೇನಿ, ಕನ್ನಡಿ ಹಂಗ ಮಾಡಿ ಕೊಟ್ಟೇನಿ. ಅದಕ್ಕ ಶಾಬಾಶ್ಕಿ ಬ್ಯಾಡೇನ?"

ನಾನು ಅಂಗಿ ತೋಳು ಏರಿಸಿ ಕೆಳಗೆ ಬಗ್ಗಿದೆ. ಎಲ್ಲ ಕಡೆ ಮಣ್ಣು ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಶುರುವಾಗಿ, ಗಾಳಿ ಬೀಸುವ ದಿಕ್ಕಿಗೆ ಹಿಂದಕ್ಕೆ ಹೋದ ಒಂದು ಕರಿ ಪಟ್ಟಿ ಮಾತ್ರ ಹಸಿಯಾಗಿತ್ತು. ಸೋರಿದ ಜಾಗ, ಸೋರಿದ ದಾರಿ, ಎಲ್ಲವನ್ನೂ ಎರೆ ಮಣ್ಣು ಹಿಡಿದಿಟ್ಟುಕೊಂಡಿತ್ತು. ಅದನ್ನು ನಾನೇ ಎರಡು ಸಲ ಮುಂದೆ ನಿಂತು ತೊಳೆಸಿ, ಏನೂ ಇಲ್ಲದ್ದನ್ನು ಒಯ್ದು ತೋರಿಸಿದ್ದೆ.

"ಪಂಪ್ ಬಂದ್ ಮಾಡು ಚಾಚಾ."

"ಯಾಕೋ?"

"ಸಾಕು. ಇನ್ನ ತೊಳೀಬ್ಯಾಡ."

"ಅರ್ಧಾ ತೊಳದ ಗಾಡಿ ಒಯ್ತೀಯೇನ? ಹಾದಿ ಮ್ಯಾಲಿನ ಮಂದಿ ಯಾರ ಕಡೆ ತೊಳಸೀದಿ ಅಂತ ಕೇಳಿದ್ರ ನನ್ನ ಹೆಸರ ಹೇಳಬ್ಯಾಡ ಮತ್ತ."

ಆ ದಿನ ಹುಬ್ಬಳ್ಳಿಗೆ ಹೋಗಲಿಲ್ಲ, ಊರಿಗೆ ತಿರುಗಿಸಿದೆ. ಇನ್ನೂ ಸ್ವಲ್ಪ ದಿನ ಮಣ್ಣು ಕೂರಲಿ, ಗುರುತು ದಟ್ಟವಾಗಲಿ, ಅಲ್ಲಿಯವರೆಗೆ ಗಾಡಿಗೆ ನೀರು ಮುಟ್ಟಿಸಬಾರದು ಅಂತ ನಿಶ್ಚಯ ಮಾಡಿದೆ. ಸೀಟು, ಬಾಗಿಲಿನ ಹಿಡಿಕೆ, ಅಕ್ಕೋರು ಕಾಲಿಡುವ ಮೆಟ್ಟಿಲು ಇಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಉಳಿದದ್ದು ಇದ್ದ ಹಾಗೆ. ಹೇಳಲು ಸುಲಭ. ನನಗೆ ಅದು ಅಂಗಡಿಯವರೊಂದಿಗೆ ಜಗಳ ಆಡುವುದಕ್ಕಿಂತ ಕಷ್ಟದ ಕೆಲಸವಾಗಿತ್ತು.

ನಡುವೆ ನಾಗರ ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಹೂ ಏರಿಸಿ, ಕಾಯಿ ಒಡೆಯದವರಿಲ್ಲ. ಹೆಂಡತಿ ಪೂಜೆಯ ತಾಟು ಹಿಡಿದು ಹೊರಗೆ ಬಂದು ನಿಂತಳು.

"ಅಮಾಸಿಗೂ ತೊಳ್ಯಂಗಿಲ್ಲೇನ್ರಿ?"

"ಇಲ್ಲ."

"ಇದರ ಮ್ಯಾಲೆ ವಿಭೂತಿ ಎಲ್ಲಿ ಹಚ್ಚಲಿ? ಜಾಗಾನ ಇಲ್ಲ."

ಬಾನೆಟ್ಟಿನ ಮೇಲೆ ಅಂಗೈಯಗಲ ಒರೆಸಿ ಕೊಟ್ಟೆ. ಅಷ್ಟರಲ್ಲೇ ವಿಭೂತಿ, ಕುಂಕುಮ, ಒಂದು ಚೆಂಡು ಹೂವು. ಲಿಂಬೆಹಣ್ಣು ಗಾಲಿಯ ಕೆಳಗೆ. ಎದುರು ಮನೆಯ ಕಾಕಾ ಕಟ್ಟೆಯ ಮೇಲಿಂದ ಕೂಗಿದ: "ಏನಪಾ, ಹೊಲಾ ಹರಗಾಕ ಹೊಂಟೀಯೇನ ಗಾಡಿ ತಗೊಂಡು?" ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೆ ಕಾರಣ ಹೇಳಿದ್ದೆ. ಕಾಕಾಗೆ ಹೇಳಲಿಲ್ಲ. ಹೇಳಿದರೆ ಊರೆಲ್ಲ ಗೊತ್ತಾಗುತ್ತದೆ, ಅಂಗಡಿಯವರು ನನಗೆ ಕೆಟ್ಟ ಗಾಡಿ ಕಟ್ಟಿದರು ಅಂತ.

ಪಂಚಮಿಯ ಮುಂಚಿನ ಶನಿವಾರ ಮುಂಜಾನೆಯ ಶಾಲೆ. ಮಧ್ಯಾಹ್ನ ಅಕ್ಕೋರನ್ನು ಹತ್ತಿಸಿಕೊಂಡು ಹೊರಟಾಗ ನಾನು ಒಂದು ಮಾತು ಕೇಳಿದೆ. ಅಷ್ಟು ವರ್ಷದಲ್ಲಿ ಅವರಿಗೆ ನಾನು ಏನನ್ನೂ ಕೇಳಿದವನಲ್ಲ.

"ಇವತ್ತ ಮನಿಗೆ ಬಿಡೂಕಿಂತ ಮೊದಲ ಎಲ್ಲಾರೂ ಗಾಡಿ ಅಂಗಡಿ ಮಟಾ ಬರಬೇಕಿತ್ರಿ."

ದೊಡ್ಡ ಅಕ್ಕೋರು ತಿರುಗಿ ನೋಡಿದರು. "ಜಗಳಾ ಆಡಾಕ ನಮಗ ಬರಂಗಿಲ್ರಿ ಅಣ್ಣಾರ."

"ಮಾತ ಸೈತ ಆಡೂದ ಬ್ಯಾಡ್ರಿ. ಬರೇ ಕುಂತಿರ‍್ರಿ. ಖಾಲಿ ಗಾಡಿ ಜಾರೂದಿಲ್ಲ."

ಹಿಂದಿನಿಂದ ಒಬ್ಬ ಅಕ್ಕೋರು ಅಂದರು: "ಅಂದ್ರ ನಮ್ಮ ತೂಕಾ ಬೇಕಾಗೈತಿ ಅನ್ರಿ." ಗಾಡಿ ತುಂಬ ನಗು. ಈ ಸಲ ನಾನೂ ನಕ್ಕೆ.

ಅಂಗಡಿಯ ಅಂಗಳಕ್ಕೆ ಗಾಡಿ ಹೊಕ್ಕಾಗ ಬಿಳಿ ಫರಸಿಯ ಮೇಲೆ ಮಣ್ಣಿನ ಹೆಂಟೆಗಳು ಉದುರಿದವು. ವಾಚ್‌ಮನ್ ಓಡಿ ಬಂದ. ಮಾಲಕರು ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದರು.

"ಇದೇನ್ರಿ ಯಜಮಾನ್ರ, ಗಾಡಿ ಹೊಲದಾಗಿಂದ ಎಬ್ಬಿಸಿಕೊಂಡ ಬಂದೀರೇನು?"

"ದಿನಾ ಹಿಂಗ ಓಡೂದ್ರಿ. ಇವತ್ತ ಇದ್ದಂಗ ತಂದೀನಿ. ನಿಮ್ಮ ಮೆಕ್ಯಾನಿಕ್ ಓಡಿಸಿ ನೋಡಲಿ, ಅಕ್ಕೋರು ಕುಂತಿರ್ತಾರ."

ಹೆಡ್ ಮೆಕ್ಯಾನಿಕ್ ಸ್ಟೇರಿಂಗ್ ಹಿಡಿದ. ಅವನ ಬಾಜೂ ದೊಡ್ಡ ಅಕ್ಕೋರು, ಹಿಂದೆ ಐವರು. ನನಗೆ ಜಾಗ ಇರಲಿಲ್ಲ. ಅಂಗಳದಲ್ಲೇ ನಿಂತೆ. ಅವರು ಸೇತುವೆಯ ಕಡೆ ಹೋದರು. ಏನಾಯಿತು ಎಂಬುದನ್ನು ಆಮೇಲೆ ಅಕ್ಕೋರು ಹೇಳಿದರು. ಏರಿನ ನಡುವೆ ಎಂಜಿನ್ ಕೂಗಿತು, ಗಾಡಿ ಎಳೆಯಲಿಲ್ಲ, ಅವನು ಗೇರ್ ಇಳಿಸಿದ, ವಾಸನೆ ಬಂತು. ಮಾತಾಡುವುದಿಲ್ಲ ಎಂದು ಒಪ್ಪಿಕೊಂಡಿದ್ದ ದೊಡ್ಡ ಅಕ್ಕೋರು ಆಗ ಒಂದೇ ಮಾತು ಅಂದರಂತೆ: "ಮುಂದ ಲಾರಿ ಇಲ್ಲ, ನೋಡಿಕೊಳ್ರಿ."

ವಾಪಸ್ ಬಂದವನು ಸೀದಾ ಲಿಫ್ಟಿನ ಮೇಲೆ ಹತ್ತಿಸಿದ. ಬೂದು ಮಣ್ಣಿನ ನಡುವೆ ಕರಿ ಪಟ್ಟಿ ಬ್ಯಾಟರಿ ಇಲ್ಲದೆಯೇ ಕಾಣುತ್ತಿತ್ತು. ಬಟ್ಟೆ ಒತ್ತಿ ತೆಗೆದ. ಪೂರ್ತಿ ಕಪ್ಪು. ಅವನೇ ಮಾಲಕರನ್ನು ಕರೆದ.

"ಎಂಜಿನ್ನಿನ ಹಿಂದ ಎಣ್ಣಿ ತಡಿಯೂ ಸೀಲ್ ಹೋಗೈತ್ರಿ ಸರ್. ಎಣ್ಣಿ ಕ್ಲಚ್ಚಿಗೆ ಹೊಡದೈತಿ. ಇವರ ಕಾಲಿನ ತಪ್ಪಲ್ಲ."

ಕೊನೆಯ ಮಾತನ್ನು ಅವನು ನನ್ನ ಕಡೆ ನೋಡಿಯೇ ಅಂದ. ನನಗೆ ಬೇಕಾಗಿದ್ದರಲ್ಲಿ ಅರ್ಧ ಅದೇ ಆಗಿತ್ತು.

ಮಾಲಕರು ಪಟ್ಟಿಯನ್ನು ನೋಡಿದರು. "ಸೀಲ್ ಎಂಜಿನ್ ಲೆಕ್ಕಕ್ಕ ಬರ್ತೈತಿ, ಹಾಕಿ ಕೊಡ್ತೇವಿ. ಕ್ಲಚ್ ಮೊದಲ ಹೇಳಿದ್ದೆ, ಅದು ಸವಿಯೂ ಸಾಮಾನು."

"ಸವದದ್ದಲ್ರಿ ಅದು, ತೊಯ್ದದ್ದು. ಸವದಿದ್ರ ನಾ ಹಾಕ್ಕೋತಿದ್ದೆ. ನಿಮ್ಮ ಜವಾಬ್ದಾರಿ ಎಂಜಿನ್ನಿನ ಎಣ್ಣಿ ಬಿದ್ದ ತೊಯ್ದೈತಿ. ಬಿಚ್ಚಿ ನೋಡ್ರಿ. ಸವದಿತ್ತಂದ್ರ ನನ್ನದು, ಎಣ್ಣಿ ಕುಡದಿತ್ತಂದ್ರ ನಿಮ್ಮದು."

ಅವರು ಮೆಕ್ಯಾನಿಕ್ಕನ ಮುಖ ನೋಡಿದರು. ಅವನು ಹೌದೆಂದು ತಲೆ ಆಡಿಸಿದ. "ಆತು, ಬಿಚ್ಚು" ಅಂದರು. ಆಮೇಲೆ ನನಗೆ: "ಮೊದಲನೇ ಸಲಾನ ಹಿಂಗ ತಂದಿದ್ರ ಅವತ್ತ ಮುಗಿದು ಹೋಗತಿತ್ತಲ್ರಿ."

"ನಿಮ್ಮ ಫರಸಿ ಹೊಲಸ ಆಗಬಾರದಂತ ತೊಳಕೊಂಡ ಬಂದಿದ್ದೆ."

ಮಾಲಕರು ಒಳಗೆ ಹೋಗಿ ಅಕ್ಕೋರಿಗೆ ಚಹಾ ಹೇಳಿದರು, ಮನೆಗಳಿಗೆ ಮುಟ್ಟಿಸಲು ಅಂಗಡಿಯ ಒಂದು ಕಾರು ಕೊಟ್ಟರು.

ನಾನು ಅಲ್ಲೇ ಉಳಿದೆ. ಗೇರ್‌ಬಾಕ್ಸ್ ಇಳಿಸಿದರು. ಕ್ಲಚ್ ಪ್ಲೇಟು ಹೊರಗೆ ಬಂದಾಗ ದಪ್ಪ ಇನ್ನೂ ಬೇಕಾದಷ್ಟಿತ್ತು, ಆದರೆ ಎರಡೂ ಮುಖ ಎಣ್ಣೆ ಕುಡಿದು ಸುಟ್ಟು ಗಾಜಿನಂತೆ ನುಣುಪಾಗಿದ್ದವು. ಸೀಲಿನ ರಬ್ಬರಿನ ಅಂಚು ಬಿರುಸಾಗಿ ಒಂದು ಕಡೆ ಸೀಳಿತ್ತು. ಮೆಕ್ಯಾನಿಕ್ ಎರಡನ್ನೂ ಒಯ್ದು ಮಾಲಕರ ಮುಂದೆ ಇಟ್ಟು ಬಂದ. ಅವರು ಎರಡನ್ನೂ ತಮ್ಮ ಲೆಕ್ಕಕ್ಕೇ ಬರೆಸಿದರು. ಸೀಲ್, ಪ್ಲೇಟು ಎರಡೂ ಹೊಸವು ಬಂದವು. ಹೊಸ ಸೀಲಿಗೆ ಬೆರಳಿನಿಂದ ಎಣ್ಣೆ ಸವರಿ, ಸುತ್ತಲೂ ಸಮ ಒತ್ತಿ ಕೂರಿಸಿದ. ಪ್ಲೇಟು ಒತ್ತಿ ಕೂರುವ ಫ್ಲೈವೀಲ್ ತಿಕ್ಕಿ ಒರೆಸಿದ, ಹೊಸ ಪ್ಲೇಟು ನಡುಮಧ್ಯ ಹಿಡಿದು ಬಿಗಿದ. ಅವನು ಕೆಲಸ ಮಾಡುವಾಗ ನಾನು ಬ್ಯಾಟರಿ ಹಿಡಿದುಕೊಂಡು ನಿಂತಿದ್ದೆ. ಸೀಲ್ ಹೀಗೆ ಗಟ್ಟಿಯಾಗುವುದು ಗಾಡಿ ಬಹಳ ದಿನ ಓಡದೆ ನಿಂತಾಗ, ನಿಮ್ಮ ಕಡೆ ಬರುವ ಮುಂಚೆ ಇದು ಎಲ್ಲೋ ನಿಂತಿತ್ತು ಅಂತ ಅವನೇ ಹೇಳಿದ.

ಕೆಲಸ ಮುಗಿದ ಮೇಲೆ ವಾಚ್‌ಮನ್ ಕಡೆ ಕಸಬರಿಗೆ ಇಸಿದುಕೊಂಡು ಅಂಗಳದಲ್ಲಿ ಬಿದ್ದ ನನ್ನ ಗಾಡಿಯ ಮಣ್ಣನ್ನು ನಾನೇ ಗುಡಿಸಿ ತೆಗೆದೆ. ಅವನು ಬ್ಯಾಡ ಬ್ಯಾಡ ಅಂದ. ಮಾಲಕರು ಗಾಜಿನ ಆಚೆಯಿಂದ ನೋಡುತ್ತಿದ್ದರು. ಮಣ್ಣು ನಮ್ಮೂರಿನದು, ಗುಡಿಸುವುದು ನನ್ನ ಕೆಲಸ.

ಊರಿಗೆ ಹೋಗುವಾಗ ಚಾಚಾನ ರ‍್ಯಾಂಪಿಗೆ ಹತ್ತಿಸಿದೆ. "ಅರ್ಧಾ ತೊಳದದ್ದು ಬಾಕಿ ಐತಲ್ಲ ಚಾಚಾ, ಇನ್ನರ್ಧಾ ತೊಳಿ."

ಅವನು ಸುತ್ತ ಒಂದು ಸಲ ತಿರುಗಿದ. "ಆವತ್ತ ತೊಳದ ಅರ್ಧಾನೂ ಹೊಳ್ಳಿ ಹೊಲಸ ಮಾಡಿಕೊಂಡ ಬಂದೀಯಲ್ಲೋ, ಮಗನ!" ಎಂದು ಬೈಯುತ್ತಲೇ ಪಂಪು ಚಾಲೂ ಮಾಡಿದ.

ಪಂಚಮಿ ಸೂಟಿ ಮುಗಿದ ದಿನ ಆರೂ ಅಕ್ಕೋರು ನನ್ನ ಗಾಡಿಯಲ್ಲೇ ಬಂದರು. ಸೇತುವೆಯ ಏರಿನಲ್ಲಿ ಯಾರೂ ಮಾತಾಡಲಿಲ್ಲ, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಎಂಜಿನ್ ಕೂಗಲಿಲ್ಲ. ಏರು ಮುಗಿದ ಮೇಲೆ ಮಾತು ಮೊದಲಿನಂತೆ ಶುರುವಾಯಿತು.

ಈಗ ನನ್ನಲ್ಲಿ ಇರುವುದು ಇಷ್ಟು: ಏಳು ಸೀಟಿನ ಗಾಡಿ ಒಂದು. ದಿನಾ ಕೂರುವ ಅಕ್ಕೋರು ಆರು ಮಂದಿ. ತೊಳೆಸುವ ಮೊದಲು ಕೆಳಗೆ ಬಗ್ಗಿ ನೋಡುವ ರೂಢಿ ಒಂದು. ಗಾಡಿಯ ಕೆಳಗೆ ಹಾಸಿದ ರಟ್ಟು ಒಂದು, ಅದರ ಮೇಲೆ ಕಲೆ ಇಲ್ಲ.